ಕಾಯಿ, ದೋರಗಾಯಿ, ಹಣ್ಣು

ಪುಸ್ತಕದ ಪೆಟ್ಟಿಗೆಗಳು ನಮ್ಮ ಶಾಲೆಗೆ ಬಂದದ್ದು ಕಾಫಿ ಚೀಲ ಸಾಗಿಸುವ ಜೀಪಿನಲ್ಲಿ. ವನಗೂರು ಕಡೆಯಿಂದ ಮೇಲಕ್ಕೆ ಹತ್ತುವ ಆ ದಾರಿಗೆ ಬೇರೆ ಗಾಡಿ ಬರುವುದಿಲ್ಲ. ತಿರುವಿನಲ್ಲಿ ಜೀಪಿನ ಸದ್ದು ಕೇಳಿದ್ದೇ ತಡ, ನಾನು ಭಾಗಾಕಾರದ ಲೆಕ್ಕವನ್ನು ಕರಿಹಲಗೆಯ ಮೇಲೆ ಅರ್ಧಕ್ಕೇ ಬಿಟ್ಟು ಅಂಗಳಕ್ಕೆ ಓಡಿದೆ. ಮಕ್ಕಳು ನನ್ನ ಹಿಂದೆ ಓಡಿಬಂದರು. ಬೇರೆ ಶಾಲೆಗಳಲ್ಲಿ ಮಕ್ಕಳು ಮುಂದೆ ಓಡುತ್ತಾರೆ, ಟೀಚರು ಬೈಯುತ್ತಾ ಹಿಂದೆ ಬರುತ್ತಾರೆ. ನನ್ನ ವಿಷಯದಲ್ಲಿ ಇದು ಯಾವತ್ತೂ ತಿರುವುಮುರುವು.

ಪೆಟ್ಟಿಗೆ ಬಿಚ್ಚಿದಾಗ ಬಂದ ಹೊಸ ಕಾಗದದ ವಾಸನೆಗೆ ನನಗೆ ಕಾಲೇ ನಿಲ್ಲಲಿಲ್ಲ. ಎಲ್ಲವೂ ಕಥೆಪುಸ್ತಕಗಳು! ಮುಖ್ಯೋಪಾಧ್ಯಾಯರು ಮಾತ್ರ ಕನ್ನಡಕ ಸರಿಮಾಡಿಕೊಂಡು, "ಹರಿದು ಹೋದ್ರೆ ಕೇಳೋದು ನನ್ನನ್ನ. ಬೀರುವಿನಲ್ಲಿಟ್ಟು ಬೀಗ ಹಾಕ್ಬಿಡಿ ಮೇಡಂ," ಎಂದರು.

"ಬೀಗ ಹಾಕಿದ್ರೆ ಹರಿಯಲ್ಲ ಸಾರ್, ಗೆದ್ದಲು ತಿನ್ನುತ್ತೆ," ಎಂದೆ. ಅವರು ನಕ್ಕರು. ನಗಿಸಿದರೆ ಅವರು ಒಪ್ಪಿಕೊಂಡ ಹಾಗೇ ಎಂದು ನನಗೆ ಗೊತ್ತಿತ್ತು.

ಆದರೆ ಪುಸ್ತಕಗಳನ್ನು ರಾಶಿ ಹಾಕಿ "ತಗೊಳ್ಳಿ" ಎಂದರೆ ಆಗುವುದಿಲ್ಲ ಎಂಬುದು ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಓದಲು ಬರುವ ಮಗುವಿಗೆ ತೀರಾ ಸುಲಭದ ಪುಸ್ತಕ ಕೊಟ್ಟರೆ ಆಕಳಿಸುತ್ತದೆ. ಬಾರದ ಮಗುವಿಗೆ ಕಷ್ಟದ್ದು ಕೊಟ್ಟರೆ ಚಿತ್ರ ನೋಡಿ ಮಡಚಿಡುತ್ತದೆ, ಮತ್ತೆ ಮುಟ್ಟುವುದಿಲ್ಲ. ಯಾರಿಗೆ ಯಾವುದು ಎಂದು ಹೊಂದಿಸಿ ಕೊಡಬೇಕು. ನಮ್ಮ ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಅಳತೆಗೋಲೊಂದು ಅಕ್ಷರದ ಬುಡದಲ್ಲೇ ಇದೆ: ಒತ್ತಕ್ಷರ. ಮಕ್ಕಳು ಎಡವುವುದೇ ಅಲ್ಲಿ. ಹಾಗಾಗಿ ಒತ್ತೇ ಇಲ್ಲದ ಪುಸ್ತಕಗಳು ಒಂದು ಕಡೆ, "ಅಕ್ಕ", "ಹಳ್ಳ" ಎಂಬಂತೆ ಅದೇ ಅಕ್ಷರಕ್ಕೆ ಅದೇ ಒತ್ತು ಇರುವವು ಇನ್ನೊಂದು ಕಡೆ, "ಪುಸ್ತಕ", "ರಾತ್ರಿ" ಎಂಬಂತೆ ಬೇರೆ ಬೇರೆ ಒತ್ತು ಇರುವವು ಮತ್ತೊಂದು ಕಡೆ. ಒಂದು ಭಾನುವಾರವಿಡೀ ಚಾಪೆ ಹಾಸಿಕೊಂಡು ಕೂತು ಎಲ್ಲವನ್ನೂ ಓದಿ ಬೇರೆ ಮಾಡಿದೆ. ಗುರುತಿಗೆ ಸಕಲೇಶಪುರದ ಅಂಗಡಿಯಿಂದ ಸ್ಟಿಕ್ಕರ್ ಬೊಟ್ಟಿನ ಹಾಳೆಗಳನ್ನು ತಂದೆ. ಸುಲಭದ್ದಕ್ಕೆ ಹಸಿರು ಬೊಟ್ಟು, ನಡುವಿನದಕ್ಕೆ ಹಳದಿ, ಕಷ್ಟದ್ದಕ್ಕೆ ಕೆಂಪು. ಪೇಟೆಯ ಸಿಗ್ನಲ್ ದೀಪದ ಹಾಗೆ: ಹಸಿರಾದರೆ ಹೋಗು, ಕೆಂಪಾದರೆ ನಿಲ್ಲು. ಎಷ್ಟು ಜಾಣೆ ನಾನು ಎಂದು ಬೀಗುತ್ತಾ ಸೋಮವಾರ ಬೆಳಿಗ್ಗೆ ಪುಸ್ತಕಗಳನ್ನು ವರಾಂಡದಲ್ಲಿ ಹರಡಿದೆ.

ಮಕ್ಕಳು ನುಗ್ಗಿದರು. ನುಗ್ಗಿದ್ದು ಅಷ್ಟೂ ಜನ ಕೆಂಪು ಬೊಟ್ಟಿನ ಪುಸ್ತಕಗಳ ಮೇಲೆ. ಎಳೆದಾಟ, ತಳ್ಳಾಟ, ಒಂದು ಪುಸ್ತಕದ ರಟ್ಟು ಕಿತ್ತೇಹೋಯಿತು. ಮೂರನೇ ಕ್ಲಾಸಿನ ಚಿಳ್ಳೆಗಳೂ ಚಿತ್ರವೇ ಇಲ್ಲದ ದಪ್ಪ ಪುಸ್ತಕಗಳನ್ನು ಅಪ್ಪಿಕೊಂಡು ಓಡಿದವು. ಹಸಿರು ಬೊಟ್ಟಿನ ಪುಸ್ತಕಗಳನ್ನು ಯಾರೂ ಕಣ್ಣೆತ್ತಿಯೂ ನೋಡಲಿಲ್ಲ. ನನಗೆ ರೇಗಿತು. ನನಗೆ ರೇಗುವುದು ಬೇಗ, ಇಳಿಯುವುದೂ ಬೇಗ. ನಡುವೆ ಮಾತ್ರ ಧ್ವನಿ ಜೋರು. "ಅ ಆ ಇ ಈ ನೆಟ್ಟಗೆ ಬರಲ್ಲ, ನಿನಗೆ ಯಾಕೆ ಆ ಪುಸ್ತಕ? ಹಸಿರು ತಗೋ!" ಎಂದು ಒಂದು ಪುಟ್ಟ ಹುಡುಗಿಯ ಕೈಯಿಂದ ಕಿತ್ತುಕೊಳ್ಳಲು ಹೋದೆ.

ಅವಳು ಬಿಡಲಿಲ್ಲ. ತುಟಿ ಉಬ್ಬಿಸಿಕೊಂಡು ಹೇಳಿದಳು: "ಹಸ್ರು ಕುಯ್ದ್ರೆ ರೈಟ್ರು ಬೈತಾರೆ ಮಿಸ್."

ನನಗೆ ಅರ್ಥವಾಗಲಿಲ್ಲ. ನಾನು ಮಗ್ಗೆ ಕಡೆಯವಳು. ಭತ್ತ, ಜೋಳ, ಶುಂಠಿ ನೋಡಿ ಬೆಳೆದವಳು, ಕಾಫಿ ನನಗೆ ಲೋಟದಲ್ಲಿ ಮಾತ್ರ ಪರಿಚಯ. ಉಳಿದ ಮಕ್ಕಳೆಲ್ಲ ಸೇರಿ ನನಗೆ ಪಾಠ ಮಾಡಿದರು. ಅವರಲ್ಲಿ ಅರ್ಧ ಮಕ್ಕಳ ಮನೆ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಇನ್ನರ್ಧದವರದು ಸಣ್ಣ ತೋಟಗಳು. ಕುಯ್ಲು ಶುರುವಾದರೆ ಎಲ್ಲರ ಮನೆಯಲ್ಲೂ ಒಂದೇ ಮಾತು: ಕೆಂಪಗೆ ಹಣ್ಣಾದದ್ದನ್ನು ಮಾತ್ರ ಕುಯ್ಯಬೇಕು, ಹಸಿರು ಕಾಯಿಗೆ ಕೈ ಹಾಕಬಾರದು. ಕೆಲಸದವರ ಚೀಲದಲ್ಲಿ ಹಸಿರು ಕಂಡರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಎಲ್ಲರ ಮುಂದೆ ಚೀಲ ಸುರಿದು ಬೈಯುತ್ತಾರೆ. ಅಂಥ ಮಕ್ಕಳ ಮುಂದೆ ನಾನು ದುಂಡಗಿನ ಹಸಿರು ಬೊಟ್ಟು, ದುಂಡಗಿನ ಕೆಂಪು ಬೊಟ್ಟು ಇಟ್ಟು, ಹಸಿರು ತಗೊಳ್ಳಿ ಎಂದು ಕೂಗುತ್ತಿದ್ದೇನೆ! ನಾನು ಮೊದಲು ಪೆಚ್ಚಾದೆ, ಆಮೇಲೆ ಗೋಡೆಗೊರಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮಕ್ಕಳೂ ನಕ್ಕರು.

ನಗುತ್ತಿರುವಾಗಲೇ ಹೊಳೆಯಿತು. ನನ್ನ ಸಿಗ್ನಲ್ ದೀಪಕ್ಕಿಂತ ಇವರ ಕಾಫಿ ಗಿಡವೇ ಸರಿಯಾಗಿದೆಯಲ್ಲ! ಒಂದೇ ಗಿಡದಲ್ಲಿ ಕೆಲವು ಇವತ್ತು ಹಣ್ಣಾಗಿರುತ್ತವೆ, ಕೆಲವು ಇನ್ನೂ ಕಾಯಿ. ಕಾಯಿ ಎಂದರೆ ಕೆಟ್ಟದ್ದಲ್ಲ, ಇನ್ನೂ ಹೊತ್ತು ಬಂದಿಲ್ಲ ಅಷ್ಟೆ. ಇವತ್ತು ಹಣ್ಣು ಕುಯ್ದುಕೊಂಡು ಹೋಗುತ್ತಾರೆ, ಕೆಲವು ವಾರ ಬಿಟ್ಟು ಅದೇ ಗಿಡಕ್ಕೆ ಮತ್ತೆ ಬರುತ್ತಾರೆ, ಅಷ್ಟರಲ್ಲಿ ಕಾಯಿಯೂ ಹಣ್ಣಾಗಿರುತ್ತದೆ. ಪುಸ್ತಕವೂ ಹಾಗೆಯೇ. ಐದನೇ ಕ್ಲಾಸಿನವನಿಗೆ ಹಣ್ಣಾದದ್ದು ಮೂರನೇ ಕ್ಲಾಸಿನವಳಿಗೆ ಕಾಯಿ ಇರಬಹುದು. ಹಾಗಿದ್ದ ಮೇಲೆ ಬೊಟ್ಟನ್ನು ಪುಸ್ತಕಕ್ಕೆ ಅಂಟಿಸುವುದೇ ತಪ್ಪು! ಅವತ್ತೇ ಎಲ್ಲ ಬೊಟ್ಟುಗಳನ್ನು ಕಿತ್ತೆವು. ಹೆಣ್ಣುಮಕ್ಕಳು ಕಿತ್ತ ಬೊಟ್ಟನ್ನು ಹಣೆಗೆ ಹಚ್ಚಿಕೊಂಡರು, ಗಂಡುಮಕ್ಕಳು ಮೂಗಿಗೆ.

ಹೊಸ ಕ್ರಮ ಹೀಗೆ. ಪುಸ್ತಕದ ಯಾವುದಾದರೂ ಒಂದು ಪುಟ ತೆಗೆದು ಓದಬೇಕು. ಓದಲು ಬಾರದ ಪದಕ್ಕೆ ಒಂದೊಂದು ಬೆರಳು ಮಡಚಬೇಕು. ಇಡೀ ಕೈ ಮಡಚಿ ಮುಷ್ಟಿಯಾದರೆ ಅದು ಕಾಯಿ, ಈಗ ಬಿಡು, ಮುಂದಿನ ಸುತ್ತಿಗೆ ಬಾ. ಬೆರಳೇ ಮಡಚದಿದ್ದರೆ ಹಣ್ಣು, ಸುಖವಾಗಿ ಓದಿಕೋ. ಎರಡು ಮೂರು ಬೆರಳು ಮಡಚಿದರೆ? ಇದಕ್ಕೆ ಹೆಸರು ಮಕ್ಕಳೇ ಕೊಟ್ಟರು: ದೋರಗಾಯಿ. ಹಸಿರು ಬಿಟ್ಟು ಕೆಂಪಿಗೆ ತಿರುಗುತ್ತಿರುವ ಕಾಯಿ. ನನಗಂತೂ ದೋರಗಾಯಿಯೇ ಎಲ್ಲಕ್ಕಿಂತ ಇಷ್ಟ, ಏಕೆಂದರೆ ಕಲಿಯುವುದು ಅಲ್ಲೇ. ಮೂರು ರಟ್ಟಿನ ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ ಕಾಯಿ, ದೋರಗಾಯಿ, ಹಣ್ಣು ಎಂದು ಬರೆದಿಟ್ಟೆವು. ನೋಡಿದ ಪುಸ್ತಕವನ್ನು ತನಗೆ ಅದು ಏನೋ ಆ ಪೆಟ್ಟಿಗೆಗೆ ಹಾಕುವುದು, ಸಂಜೆ ಎಲ್ಲವನ್ನೂ ಮತ್ತೆ ಬೆರೆಸುವುದು. ವರಾಂಡದ ತುಂಬ "ಇದು ನಂಗೆ ಕಾಯಿ ಕಣೋ", "ಏ, ನಂಗೆ ದೋರಗಾಯಿ ಆಗ್ಬುಟ್ಟೈತೆ!" ಎಂಬ ಕೂಗು. ಮುಖ್ಯೋಪಾಧ್ಯಾಯರು ಆಫೀಸು ರೂಮಿನಿಂದ ಇಣುಕಿ, "ಏನ್ ಮೇಡಂ, ಪುಸ್ತಕಕ್ಕೂ ಕುಯ್ಲು ಶುರುವಾಯ್ತಾ?" ಎಂದರು.

ಈ ಗಲಾಟೆಯಲ್ಲಿ ಒಬ್ಬಳು ಮಾತ್ರ ಸದ್ದಿಲ್ಲದೆ ಕಂಬಕ್ಕೊರಗಿ ಕೂತಿರುತ್ತಿದ್ದಳು. ಏಳನೇ ಕ್ಲಾಸಿನ ಹುಡುಗಿ, ಕ್ಲಾಸಿಗೆಲ್ಲ ಎತ್ತರದವಳು. ಇರುವುದರಲ್ಲೇ ದಪ್ಪ ಪುಸ್ತಕ ಅವಳ ತೊಡೆಯ ಮೇಲೆ. ಪುಟ ತಿರುಗಿಸುವುದೂ ಸರಿಯಾದ ಹೊತ್ತಿಗೇ. ಆದರೆ ಅವಳ ಕಣ್ಣು ಪುಟದ ಮೇಲೆ ಓಡಾಡುತ್ತಿರಲಿಲ್ಲ, ಒಂದೇ ಕಡೆ ನೆಟ್ಟಿರುತ್ತಿತ್ತು. ಹತ್ತಿರ ಹೋಗಿ ಕೂತು, "ಎಷ್ಟು ಬೆರಳು?" ಎಂದೆ.

"ಒಂದೂ ಇಲ್ಲ ಮಿಸ್. ಹಣ್ಣು."

"ಒಂದು ಸಾಲು ಓದು, ಕೇಳೋಣ."

ಅವಳು ಪುಸ್ತಕ ಮುಚ್ಚಿ ಕೆಳಗಿಟ್ಟಳು. ನಾನು ಆ ವರ್ಷವೇ ಈ ಶಾಲೆಗೆ ಬಂದವಳು, ಅದುವರೆಗೆ ನನಗೂ ಗೊತ್ತಾಗಿರಲಿಲ್ಲ. ಪದ್ಯಗಳನ್ನು ಅವಳು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಪಕ್ಕದವರು ಓದಿದ್ದನ್ನು ಒಮ್ಮೆ ಕೇಳಿದರೆ ಸಾಕು, ಅವಳಿಗೆ ಬಾಯಿಪಾಠ. ಆ ಜಾಣತನವೇ ಅವಳನ್ನು ಇಷ್ಟು ವರ್ಷ ಮುಚ್ಚಿಟ್ಟಿತ್ತು. ಬಿಡಿ ಅಕ್ಷರಗಳು ಗೊತ್ತಿದ್ದವು, ಕೂಡಿಸಿ ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಕಂಡರೆ ಅಲ್ಲಿಗೇ ನಿಂತುಬಿಡುತ್ತಿದ್ದಳು.

ನಮ್ಮ ಶಾಲೆ ಏಳಕ್ಕೆ ಮುಗಿಯುತ್ತದೆ. ಹೈಸ್ಕೂಲಿಗೆ ಕೆಳಗಿನ ತಿರುವಿನವರೆಗೆ ನಡೆದು ಬಸ್ಸು ಹತ್ತಬೇಕು. ಅವಳ ತಾಯಿಯನ್ನು ಲೈನಿನ ಮನೆಯಲ್ಲಿ ಕಂಡು ಮಾತಾಡಿದೆ. ತಾಯಿ ಸುತ್ತಿ ಬಳಸಿ ಹೇಳಲಿಲ್ಲ.

"ಓದಕ್ಕೆ ಬಂದ್ರೆ ಕಳಿಸ್ತೀನಿ ಮೇಡಂ, ನಂಗೇನು ಹೊಟ್ಟೆಕಿಚ್ಚಾ? ಬರ್ದೇ ಇದ್ರೆ ಅಲ್ಲೋಗಿ ಏನ್ ಮಾಡ್ತಾಳೆ? ಎಲ್ರೂ ನಗೋದ ನೋಡ್ಕಂಡು ಕೂತ್ಕಳಕ್ಕಾ? ನನ್ ಜೊತೆ ತೋಟಕ್ಕೆ ಬರ್ಲಿ."

ಹುಡುಗಿ ಬಾಗಿಲ ಹಿಂದೆ ನಿಂತು, "ಏಳಕ್ಕೇ ಬುಡ್ತೀನಿ ಮಿಸ್," ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನನಗೆ ಹಠ ಬಂತು. ಆಗಿನ್ನೂ ಕುಯ್ಲಿನ ಮೊದಲ ಸುತ್ತು. ಕೊನೆಯ ಸುತ್ತು ಮುಗಿಯುವುದರೊಳಗೆ ಇವಳು ಓದಬೇಕು, ಓದಿಯೇ ಓದುತ್ತಾಳೆ ಎಂದು ದಾರಿಯುದ್ದಕ್ಕೂ ಒಬ್ಬಳೇ ಜೋರಾಗಿ ಹೇಳಿಕೊಂಡು ಬಂದೆ.

ಮಾರನೇ ದಿನ ಒತ್ತಿಲ್ಲದ ಪುಸ್ತಕಗಳನ್ನು ಅವಳ ಮುಂದಿಟ್ಟೆ. ಒಂದರಲ್ಲಿ ಕೋಳಿಮರಿ, ಒಂದರಲ್ಲಿ ಮೊಲ, ಒಂದರಲ್ಲಿ ಚಂದಿರನಿಗೆ ಟೋಪಿ. ಅವಳು ಬೆರಳ ತುದಿಯಲ್ಲಿ ದೂಡಿ, "ಇವು ಪಾಪುಗಳ್ದು ಮಿಸ್," ಎಂದಳು. ಸರಿಯಾಗಿಯೇ ಹೇಳಿದ್ದಳು. ಹದಿಮೂರು ವರ್ಷದ, ತಾಯಿಯ ಸಮಕ್ಕೆ ಕಾಫಿ ಕುಯ್ಯಬಲ್ಲ ಹುಡುಗಿ ಎಲ್ಲರೆದುರು ಕೋಳಿಮರಿಯ ಪುಸ್ತಕ ಹಿಡಿದು ಕೂರಬೇಕೇ? ಅಕ್ಷರ ಅವಳ ಅಳತೆಗೆ ಹೊಂದುತ್ತಿತ್ತು, ವಿಷಯ ಹೊಂದುತ್ತಿರಲಿಲ್ಲ. ವಿಷಯ ಹೊಂದುವಂಥದ್ದು ತೆಗೆದರೆ ತುಂಬ ಒತ್ತು. ಎರಡೂ ಹೊಂದುವ ಪುಸ್ತಕ ಆ ಪೆಟ್ಟಿಗೆಗಳಲ್ಲಿ ಒಂದೂ ಇರಲಿಲ್ಲ.

ಹುಡುಕಾಟ ಶುರುವಾಯಿತು. ಬಿಸ್ಕತ್ತಿನ ಪೊಟ್ಟಣ, ಗೊಬ್ಬರದ ಚೀಲ, ಜೀಪಿನ ಹಿಂದಿನ ಬರಹ, ಏನು ಕಂಡರೂ ಒತ್ತು ಇದೆಯಾ ಎಂದು ನೋಡುವ ಹುಚ್ಚು ನನಗೆ. ಕೆಳಗಿನ ತಿರುವಿನ ಬಸ್ ಸ್ಟಾಪಿನ ಗೋಡೆಯ ಮೇಲೆ ಬಸ್ಸುಗಳ ಹೊತ್ತು ಬರೆದಿದ್ದಾರೆ. ಅದನ್ನಾದರೂ ಓದಿಸೋಣವೆಂದು ಕರೆದುಕೊಂಡು ಹೋದರೆ, "ಅದು ಹೈಸ್ಕೂಲಿಗೆ ಹೋಗೋರ್ಗೆ ಮಿಸ್," ಎಂದು ಬೆನ್ನು ತಿರುಗಿಸಿ ನಿಂತಳು. ನಾನು ಒತ್ತಾಯ ಮಾಡಲಿಲ್ಲ.

ಅಲ್ಲಿ ನಿಂತಿರುವಾಗಲೇ ನನ್ನ ಫೋನು ಸದ್ದು ಮಾಡಿತು. ನಮ್ಮ ಕಡೆ ಇರುವವರಿಗೆಲ್ಲ ಈ ಸದ್ದು ಗೊತ್ತು. ಆನೆ ಎಲ್ಲಿದೆ ಎಂದು ತಿಳಿಸುವ ಅರಣ್ಯ ಇಲಾಖೆಯ ಮೆಸೇಜು. "ಆನೆ ಬಂದಿದೆ. ಕೆರೆ ಏರಿ ಕಡೆ ಹೋಗಬೇಡಿ." ಓದಿದೆ. ಮತ್ತೆ ಓದಿದೆ. ಒಂದೂ ಒತ್ತಿಲ್ಲ! ನಾನು ರಸ್ತೆಯ ನಡುವೆ ಕುಣಿದೆ. ಆನೆ ಬಂದಿದೆ ಎಂದು ಕುಣಿದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಫೋನನ್ನು ಅವಳ ಮುಖದ ಮುಂದೆ ಹಿಡಿದೆ.

"ಆ... ನೆ. ಆನೆ." ಅವಳು ನಿಂತಳು. ಬೆರಳು ಪರದೆಯ ಮೇಲೆ ಹರಿಯಿತು. "ಬಂ-ದಿ-ದೆ. ಬಂದಿದೆ!" ಅವಳ ಕಣ್ಣು ದೊಡ್ಡದಾಯಿತು. "ಆನೆ ಬಂದೈತೆ ಮಿಸ್! ಎಲ್ಲಿ?" ಎಂದು ನನ್ನನ್ನು ಕೇಳಿದಳು.

"ನನ್ನೇನು ಕೇಳ್ತೀಯ? ಮುಂದೆ ಬರೆದಿದೆ, ಓದು."

ಓದಿದಳು. ನಿಧಾನವಾಗಿ, ಬೆವೆತುಕೊಂಡು, ಆದರೆ ಪೂರ್ತಿ ಓದಿದಳು. ಯಾರಿಂದಲೂ ಕೇಳಿ ಬಾಯಿಪಾಠ ಮಾಡದೆ ಅವಳು ಓದಿದ ಮೊದಲ ಮಾತು ಅದು. ಅವರ ಮನೆಯ ಫೋನಿಗೂ ಇಂಥ ಮೆಸೇಜು ಬರುತ್ತಿತ್ತು, ಆದರೆ ತಾಯಿಗೂ ಓದು ಬಾರದು. ಯಾರಾದರೂ ಹೇಳುವವರೆಗೆ ತೋಟದ ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ನಡೆಯುವುದು. ಇದು ಪಾಪುಗಳ ವಿಷಯವೇ ಅಲ್ಲ.

ಅವತ್ತಿನಿಂದ ನಾನು ಪುಸ್ತಕ ಬರೆಯಲು ಕೂತೆ. ಆನೆಯ ಕಥೆಗಳು, ಒತ್ತಿಲ್ಲದ ಕನ್ನಡದಲ್ಲಿ. ಬರೆದು ನೋಡಿದವರಿಗೇ ಗೊತ್ತು ಆ ಪಾಡು! "ಅಮ್ಮ" ಬರೆಯುವ ಹಾಗಿಲ್ಲ, ಒತ್ತು. ಅವ್ವ? ಒತ್ತು. ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಮನೆಮಂದಿಯೆಲ್ಲ ಹೊರಗೆ. ತಂಗಿ, ಮಾವ ಮಾತ್ರ ಪಾರು. ಅನ್ನವಿಲ್ಲ, ರೊಟ್ಟಿಯಿಲ್ಲ, ಮುದ್ದೆಯಿಲ್ಲ. ಪುಣ್ಯಕ್ಕೆ ಕಡುಬು ಇದೆ, ಕಾಫಿ ಇದೆ. "ಇಲ್ಲ" ಎನ್ನಲೂ ಆಗದು, "ಅಲ್ಲ" ಎನ್ನಲೂ ಆಗದು. ಯಾರೂ ಯಾವುದಕ್ಕೂ ಇಲ್ಲ ಎನ್ನದ ಲೋಕದಲ್ಲಿ ನನ್ನ ಆನೆ ನಡೆಯಿತು: ಆನೆ ಬಂತು. ಬೇಲಿ ಮುರಿಯಿತು. ಬಾಳೆ ತಿಂದಿತು. ನಾಯಿ ಬೊಗಳಿತು. ಆನೆ ತಿರುಗಿ ನೋಡಿತು. ನಾಯಿ ಮನೆಯೊಳಗೆ ಓಡಿತು.

ಹುಡುಗಿ ಓದಿ ಕಿಸಕ್ಕೆಂದು ನಕ್ಕಳು. ಅವಳು ಓದಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ತಪ್ಪು ಹಿಡಿದಳು. "ಆನೆ ಹಿಂಗೆಲ್ಲ ಮುರಿಯಲ್ಲ ಮಿಸ್. ಕಾಲಲ್ಲಿ ಮೆಲ್ಲಗೆ ಒತ್ತುತ್ತೆ. ಬೇಲಿ ತಾನೇ ಕೆಳಗೋಗುತ್ತೆ."

"ಹೌದು ಕಣೇ, ಒತ್ತುತ್ತೆ!" ಎಂದು ನಾನು ಚೀರಿದೆ. "ಒತ್ತಕ್ಷರ ಅಂದ್ರೂ ಅದೇ! ಮೇಲಿರೋ ಅಕ್ಷರ ಕಾಲಿಟ್ಟು ಕೆಳಗಿರೋದನ್ನ ಒತ್ತಿದೆ. ಕೆಳಗೆ ಸಿಕ್ಕಿಕೊಂಡಿರೋದು ಯಾರು ಅಂತ ನೋಡಿದ್ರೆ ಆಯ್ತು!"

ಅವಳು ಎದ್ದು ಪೆಟ್ಟಿಗೆಗಳ ಹತ್ತಿರ ಹೋದಳು. ದಿನಾ ನೋಡುತ್ತಿದ್ದ ಮೂರು ಪದಗಳ ಮುಂದೆ ಹೊಸಬಳಂತೆ ನಿಂತಳು. "ಕಾಯಿ" ಓದಿದಳು, "ದೋರಗಾಯಿ" ಓದಿದಳು. ಮೂರನೆಯದರ ಮುಂದೆ ಬಗ್ಗಿದಳು. "ಹ. ಆಮೇಲೆ ಣು. ಅದ್ರ ಕೆಳಗೆ ಯಾರೋ ಸಿಕ್ಕಂಡವ್ರೆ." ಸ್ವಲ್ಪ ಹೊತ್ತು ನೋಡಿ, "ಅದೂ ಣ ನೇ ಅಲ್ವಾ ಮಿಸ್? ತನ್ ಕಾಲ ತಾನೇ ತುಳ್ಕಂಡೈತೆ! ಹಣ್ಣು!" ಎಂದಳು. ಇಡೀ ವರಾಂಡ ತಿರುಗಿ ನೋಡಿತು. ನಾನು ಆ ಪೆಟ್ಟಿಗೆಯನ್ನೇ ತಬ್ಬಿಕೊಂಡೆ.

ಅಲ್ಲಿಂದ ಮುಂದೆ ಅವಳು ಓದುವುದನ್ನು ನಾನು ಬೆನ್ನಟ್ಟುವಂತಾಯಿತು. ನಾನು ಬರೆದ ಆನೆಗೆ ಮರಿ ಬಂತು, ಮರಿಗೆ ಅಜ್ಜಿ ಬಂದಳು, ಅಜ್ಜಿ ಎಂದರೆ ಒತ್ತು ಬಂತು. ದೋರಗಾಯಿ ಹಣ್ಣಾಯಿತು, ಕಾಯಿ ದೋರಗಾಯಿಯಾಯಿತು. ಕೆಲವು ದಿನ ಹಿಂದಕ್ಕೂ ಬಿದ್ದಳು. "ಸ್ತ್ರ" ಕಂಡ ದಿನ ಪುಸ್ತಕ ಎಸೆದು ಹೋಗಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅಡಿಯಲ್ಲಿ ಇಬ್ಬರು ಸಿಕ್ಕಿಕೊಂಡಿದ್ದರೆ ಯಾರಿಗೆ ತಾನೇ ಸಿಟ್ಟು ಬಾರದು? ಮೂರನೇ ದಿನ ತಾನೇ ಬಂದು ಪುಸ್ತಕ ಎತ್ತಿಕೊಂಡಳು.

ಕುಯ್ಲಿನ ಕೊನೆಯ ಸುತ್ತು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ನಾನು ಬಸ್ಸಿಳಿದು ನಡೆದು ಬರುತ್ತಿದ್ದೆ. ಲೈನಿನ ಮುಂದೆ ಹೆಂಗಸರು ಚೀಲ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ ಹೊರಟು ನಿಂತಿದ್ದರು. ಹುಡುಗಿಯ ತಾಯಿಯೂ ಇದ್ದರು, ಹುಡುಗಿ ಶಾಲೆಯ ಚೀಲ ಹೆಗಲಿಗೇರಿಸಿ ಪಕ್ಕದಲ್ಲಿದ್ದಳು. ನನ್ನ ಫೋನು ಸದ್ದು ಮಾಡಿತು, ಅದರ ಹಿಂದೆಯೇ ತಾಯಿಯ ಫೋನೂ. ನಾನು ನೋಡಿದೆ. ಕೆರೆಯ ಪಕ್ಕದ ತೋಟ, ಇವರು ಹೊರಟಿರುವ ತೋಟವೇ. ಹೇಳಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ, ಏಕೆಂದರೆ ತಾಯಿಯ ಕೈಯಿಂದ ಹುಡುಗಿ ಆಗಲೇ ಫೋನು ತೆಗೆದುಕೊಂಡಿದ್ದಳು. ಇಷ್ಟು ಹೊತ್ತು ಸುಮ್ಮನಿರುವುದು ನನ್ನಂಥವಳಿಗೆ ಎಂಥ ಕಷ್ಟ ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

"ಬೇಗ ಹೇಳೇ, ಹೊತ್ತಾಯ್ತು," ಎಂದರು ತಾಯಿ.

"ದೋರಗಾಯಿ ಕಣವ್ವ, ವಸಿ ತಡಿ." ಒಂದು ಬೆರಳು ಮಡಚಿದಳು. ಮತ್ತೆ ಬಿಚ್ಚಿದಳು. "ಎ-ಚ್ಚ-ರಿ-ಕೆ. ಎಚ್ಚರಿಕೆ. ಆನೆ ಗುಂಪು... ಕೆರೆಯ... ಪಕ್ಕದ ತೋಟದಲ್ಲಿದೆ. ಆ ಕಡೆ ಯಾರೂ ಹೋಗಬೇಡಿ."

ತಾಯಿ ಮಗಳನ್ನು ನೋಡಿದರು, ಆಮೇಲೆ ನನ್ನನ್ನು. "ಅಲ್ಲಿ ಹಂಗೇ ಬರ್ದೈತಾ ಮೇಡಂ?"

"ಹಂಗೇ ಬರ್ದೈತೆ," ಎಂದೆ.

"ಇನ್ನೊಂದ್ ಕಿತ ಓದು," ಎಂದರು ತಾಯಿ. ಹುಡುಗಿ ಮತ್ತೆ ಓದಿದಳು, ಈ ಸಲ ಎಲ್ಲಿಯೂ ನಿಲ್ಲದೆ. ಹೆಂಗಸರು ಒಬ್ಬೊಬ್ಬರಾಗಿ ಜಗಲಿಯ ಮೇಲೆ ಕೂತರು. ಒಬ್ಬರು ರೈಟರಿಗೆ ಫೋನು ಮಾಡಲು ಹೊರಟರು. ತಾಯಿ ಮಾತ್ರ ನಿಂತೇ ಇದ್ದರು. ಸೊಂಟಕ್ಕೆ ಸಿಕ್ಕಿಸಿದ ಚೀಲವನ್ನು ಬಿಚ್ಚಿ ನಿಧಾನವಾಗಿ ಮಡಚುತ್ತಾ, ಮಗಳ ಕಡೆ ನೋಡದೆ ನನ್ನನ್ನು ಕೇಳಿದರು:

"ಹೈಸ್ಕೂಲಿಗೆ ಹೋಗೋ ಬಸ್ಸು ಬೆಳಗ್ಗೆ ಎಷ್ಟೊತ್ತಿಗೆ ಮೇಡಂ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಹೇಳಿದಳು.

"ಎಂಟೂಕಾಲ್ಗೆ ಕಣವ್ವ. ಗೋಡೆ ಮೇಲೆ ಬರ್ದೈತಲ್ಲ."